ನಿನ್ನ ‘ಎನ್’ ಎಷ್ಟು?

"ಹಾಗಾದ್ರೆ ನಿನ್ನ ‘ಎನ್’ ಎಷ್ಟು?" ಅಂತ ಗೈಡ್ ಮೇಡಂ ಕೇಳಿದರು.

"20 ಮೇಡಂ" ಅಂದೆ. ‘ಎನ್’ ಅಂದರೆ ಅಧ್ಯಯನದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದೆ ತೆಗೆದುಕೊಂಡ ಮಾದರಿಗಳ ಸಂಖ್ಯೆ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಜಡ್ಡಿಯ, ಅಂದರೆ ಕಾಡಿನ ಜೌಗಿನ, ಕೆಸರಿನಲ್ಲಿ ನಿಂತು, ಉಂಬಳಕ್ಕೆ ರಕ್ತ ಕೊಟ್ಟು 20 ಕ್ವಾಡ್ರಾಟ್ (ಗಿಡ ಎಣಿಸಲು ಹಗ್ಗದಿಂದ ಗುರುತು ಮಾಡುವ ಚೌಕ) ಹಾಕಿ ಬಂದಿದ್ದೆ.

"ಎಷ್ಟು ಜಡ್ಡಿಗೆ ಹೋಗಿದ್ದೆ?"

"ಒಂದು."

"ಹಾಗಾದ್ರೆ ‘ಎನ್’ ಒಂದೇ ಕಣಮ್ಮ."

ಎಂ.ಎಸ್ಸಿ. ಎರಡನೇ ವರ್ಷದ ಪ್ರಾಜೆಕ್ಟ್ ಅದು. ಮನೆಗೆ ಬಂದು ಅತ್ತುಬಿಟ್ಟೆ. ಆದರೆ ಎರಡು ವರ್ಷದ ಓದಿನಲ್ಲಿ ಪರಿಸರ ವಿಜ್ಞಾನ ಅಂದರೇನು ಅಂತ ನನಗೆ ಅರ್ಥವಾಗಲು ಶುರುವಾಗಿದ್ದು ಆ ದಿನವೇ.

ನಾನು ದಾವಣಗೆರೆ ಕಡೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ನಮ್ಮೂರಲ್ಲಿ ಕಾಡು ಅಂದರೆ ಕೆರೆ ಏರಿಯ ಜಾಲಿ ಮರಗಳು, ಅಷ್ಟೆ. ಎಂ.ಎಸ್ಸಿ.ಗೆ ಈ ವಿಷಯ ತಗೊಂಡಾಗ ಅಪ್ಪ, "ಗಿಡ ಎಣಿಸೋಕೆ ಯೂನಿವರ್ಸಿಟಿಗೆ ಹೋಗ್ಬೇಕಾ?" ಅಂದಿದ್ದರು. ಆಗ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಅಪ್ಪ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಕೆಲಸ ಎಣಿಸುವುದೇ. ಹೇಗೆ ಎಣಿಸಬೇಕು ಅನ್ನೋದಕ್ಕೆ ಎರಡು ವರ್ಷ ಬೇಕಾಯಿತು.

ಮೊದಲ ವರ್ಷ ಸುಮ್ನೆ ಓದಿದೆ. ಆಹಾರ ಸರಪಳಿ, ಸಾರಜನಕ ಚಕ್ರ, 1942ರಲ್ಲಿ ಲಿಂಡೆಮನ್ ಬರೆದ ಶಕ್ತಿಯ ಹರಿವಿನ ಲೆಕ್ಕ. ಒಂದು ಹಂತದಿಂದ ಮುಂದಿನ ಹಂತಕ್ಕೆ ಸುಮಾರು ಶೇ. 10ರಷ್ಟು ಶಕ್ತಿ ಹೋಗುತ್ತದೆ ಅಂತ ನಿದ್ದೆಯಲ್ಲೂ ಹೇಳುತ್ತಿದ್ದೆ. ಹಾಸ್ಟೆಲ್ ಹಿಂದಿನ ಹತ್ತು ಮರಗಳ ಹೆಸರು ಕೇಳಿದ್ದರೆ ಮೂರು ಹೇಳುತ್ತಿದ್ದೆನೋ ಏನೋ. ಲ್ಯಾಬಿನಲ್ಲಿ ಇಷ್ಟವಾಗಿದ್ದು ವಿಂಕ್ಲರ್ ವಿಧಾನ ಒಂದೇ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಹಳೇ ಪದ್ಧತಿ ಅದು. 300 ಮಿ.ಲೀ. ಬಾಟಲಿಗೆ ಗುಳ್ಳೆ ಬಾರದ ಹಾಗೆ ನೀರು ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಕ್ಷಾರ ಬೆರೆತ ಅಯೊಡೈಡ್ ಹಾಕಿದರೆ ಕಂದು ಗಸಿ ಕೂರುತ್ತದೆ. ಆಮ್ಲಜನಕ ಇಲ್ಲದ ನೀರಾದರೆ ಗಸಿ ಬಿಳಿಯಾಗೇ ಉಳಿಯುತ್ತದೆ. ಮೊದಲ ಸಲ ಚರಂಡಿ ಸೇರುವ ಕೆರೆಯ ನೀರಿನಲ್ಲಿ ಆ ಬಿಳಿ ಗಸಿ ನೋಡಿದಾಗ ಹೊಟ್ಟೆಯೊಳಗೆ ಏನೋ ಆಯಿತು. ಮುಂದೆ ಟೈಟ್ರೇಷನ್ ಮಾಡಿ ಆಮ್ಲಜನಕ ಎಷ್ಟಿದೆ ಅಂತ ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ.

ಪ್ರಾಜೆಕ್ಟಿಗೆ ನಾನು ಆರಿಸಿಕೊಂಡಿದ್ದು ಉತ್ತರ ಕನ್ನಡದ ರಾಂಪತ್ರೆ ಜಡ್ಡಿಗಳನ್ನು. ಸಿದ್ದಾಪುರ ಕಡೆಯ ಕಾನುಗಳಲ್ಲಿ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ, ವರ್ಷಪೂರ್ತಿ ನೀರು ಒಸರುವ ಜಾಗಗಳಿವೆ. ಅಲ್ಲಿ ರಾಂಪತ್ರೆಯಂಥ ಜಾಯಿಕಾಯಿ ಕುಟುಂಬದ ಮರಗಳು ನೀರಲ್ಲೇ ನಿಂತಿರುತ್ತವೆ. ಕೆಸರಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಅದಕ್ಕೆ ಬೇರು ಮೇಲೆದ್ದು, ಮಡಚಿದ ಮಂಡಿಯ ಹಾಗೆ ಬಾಗಿ, ಮತ್ತೆ ಮಣ್ಣಿಗೆ ಇಳಿಯುತ್ತದೆ. ಮೊದಲ ಸಲ ನೋಡಿದವರಿಗೆ ಕಾಡಿನ ತುಂಬಾ ಯಾರೋ ಮಂಡಿ ಮಡಚಿ ಕೂತ ಹಾಗೆ ಕಾಣುತ್ತದೆ. ಕೊಂಬೆಯೊಂದನ್ನು ಕೆತ್ತಿದರೆ ಕೆಂಪು ರಸ. ಇದೇ ಸೀಮೆಯ ಕತ್ತಲೆಕಾನಿನಲ್ಲಿ ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರ ಇದೆ. ವಿಜ್ಞಾನಕ್ಕೆ ಅದರ ಪರಿಚಯವಾಗಿದ್ದು 2000ನೇ ಇಸವಿಯಲ್ಲಿ. ಮರ ಅಂದರೆ ಮರ, ಹುಳುವಲ್ಲ! ಅಷ್ಟು ದೊಡ್ಡದು ಅಷ್ಟು ದಿನ ಹೆಸರಿಲ್ಲದೆ ನಿಂತಿತ್ತು.

ಇಂಥ ಜಡ್ಡಿಗಳು ಈಗ ತುಂಡು ತುಂಡಾಗಿ ಉಳಿದಿವೆ. ನೀರಿರುವ ತಗ್ಗು ಅಂದರೆ ಅಡಿಕೆ ತೋಟಕ್ಕೆ ಹೇಳಿ ಮಾಡಿಸಿದ ಜಾಗ, ಅಲ್ವಾ? ಹಾಗಾಗಿ ಎಷ್ಟೋ ಜಡ್ಡಿಗಳು ಹಿಂದೆಯೇ ತೋಟವಾಗಿವೆ. ಉಳಿದ ಕಡೆ ಹೊಸ ಸಸಿಗಳು ಬರುತ್ತಿವೆಯಾ ಅನ್ನೋದು ನನ್ನ ಪ್ರಶ್ನೆ. ರಾಂಪತ್ರೆ ಜಾತಿಯ ಬೀಜ ಒಣಗಿದರೆ ಸತ್ತಂತೆ. ಬಿದ್ದ ಸ್ವಲ್ಪ ದಿನದಲ್ಲೇ ಮೊಳೆಯಬೇಕು. ಅದನ್ನು ದೂರ ಒಯ್ಯುವುದು ಮಂಗಟ್ಟೆಯಂಥ ದೊಡ್ಡ ಹಕ್ಕಿಗಳು. ಹಕ್ಕಿ ಕಡಿಮೆಯಾದರೆ, ನೀರು ಕಡಿಮೆಯಾದರೆ, ದೊಡ್ಡ ಮರ ನಿಂತಿದ್ದರೂ ಅದು ಮಕ್ಕಳಿಲ್ಲದ ಮನೆ.

ಅರಣ್ಯ ಇಲಾಖೆಯ ಅನುಮತಿ ಕೈಗೆ ಬಂದ ಮೇಲೇ ಕಾಡಿಗೆ ಕಾಲಿಡಬೇಕು. ಮೂರನೇ ಸೆಮಿಸ್ಟರ್ ಶುರುವಿನಲ್ಲೇ ಅರ್ಜಿ ಹಾಕಿ. ಈ ಒಂದು ಮಾತು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಒಂದು ಮಳೆಗಾಲ ಉಳಿಯುತ್ತಿತ್ತು.

ಮೊದಲು ನಾನು ಮಾಡಿದ ತಪ್ಪಿಗೇ ಬರುತ್ತೇನೆ. ಒಂದು ಪಾತ್ರೆಯಿಂದ 20 ಅಗುಳು ಹಿಚುಕಿ ನೋಡಿದರೆ ಆ ಪಾತ್ರೆಯ ಅನ್ನ ಬೆಂದಿದೆಯಾ ಅಂತ ಗೊತ್ತಾಗುತ್ತದೆ. ಊರಿನ ಎಲ್ಲ ಮನೆಯ ಅನ್ನದ ಬಗ್ಗೆ ಏನೂ ಗೊತ್ತಾಗುವುದಿಲ್ಲ. ನಾನು ಒಂದೇ ಜಡ್ಡಿಯಲ್ಲಿ 20 ಚೌಕ ಹಾಕಿ, ತೋಟದ ಪಕ್ಕದ ಜಡ್ಡಿಗಳೆಲ್ಲ ಹೀಗೇ ಅಂತ ಬರೆಯಲು ಹೊರಟಿದ್ದೆ. ಇದು ನನ್ನೊಬ್ಬಳ ದಡ್ಡತನವೂ ಅಲ್ಲ. 1984ರಲ್ಲಿ ಹರ್ಲ್‌ಬರ್ಟ್ ಅನ್ನುವ ವಿಜ್ಞಾನಿ, ಪ್ರಕಟವಾದ ಪ್ರಬಂಧಗಳಲ್ಲೇ ಈ ತಪ್ಪನ್ನು ಹುಡುಕಿ ತೋರಿಸಿ, ‘ಸ್ಯೂಡೋ ರೆಪ್ಲಿಕೇಷನ್’ ಅಂತ ಹೆಸರಿಟ್ಟ. ಹುಸಿ ಪುನರಾವರ್ತನೆ ಅನ್ನಬಹುದೇನೋ. ಮೇಡಂ ಅದರ ಜೆರಾಕ್ಸ್ ಕೈಗಿಟ್ಟು ಕಳಿಸಿದರು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದು ವಾರ ಓದಿದೆ.

ಹೊಸ ಯೋಜನೆಯಲ್ಲಿ ಆರು ಜಡ್ಡಿ ಇಟ್ಟುಕೊಂಡೆ. ಮೂರು ತೋಟಕ್ಕೆ ಅಂಟಿಕೊಂಡವು, ಮೂರು ಕಾನಿನ ಒಳಗಿನವು. ಒಂದೊಂದರಲ್ಲಿ ಕಡಿಮೆ ಚೌಕ. 20 ಮೀಟರ್ ಚೌಕದಲ್ಲಿ ಮರಗಳ ಲೆಕ್ಕ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪ್ ಸುತ್ತಿ, ಸುತ್ತಳತೆ 30 ಸೆಂ.ಮೀ.ಗಿಂತ ಜಾಸ್ತಿ ಇದ್ದರೆ ಮರ ಅಂತ ಬರೆದುಕೊಳ್ಳುವುದು. ಅದರೊಳಗೆ 5 ಮೀಟರಿನ ಚೌಕ ಗಿಡಗಳಿಗೆ, 1 ಮೀಟರಿನದು ಸಸಿಗಳಿಗೆ. ಹಗ್ಗಕ್ಕೆ ಮೊದಲೇ ಗಂಟು ಹಾಕಿಕೊಂಡು ಹೋಗಿ. ಕಾಡಿನಲ್ಲಿ ನಿಂತು ಅಳೆಯಲು ಹೋದರೆ ಅರ್ಧ ದಿನ ಅಲ್ಲೇ ಮುಗಿಯುತ್ತದೆ. ಇನ್ನೊಂದು, ಚೌಕ ಎಲ್ಲಿ ಹಾಕಬೇಕು ಅನ್ನೋದನ್ನ ಮನೆಯಲ್ಲೇ ಚೀಟಿ ಎತ್ತಿ ತೀರ್ಮಾನ ಮಾಡಬೇಕು. ಜಾಗದಲ್ಲಿ ನಿಂತರೆ ಕಾಲು ತಾನಾಗಿ ಉಂಬಳ ಕಡಿಮೆ ಇರುವ ಕಡೆಗೆ, ದಾರಿ ಪಕ್ಕಕ್ಕೆ ಹೋಗುತ್ತದೆ.

ಮರ ಗುರುತಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಹೂವು ಇರುವುದು ತಲೆ ಮೇಲೆ 25 ಮೀಟರ್ ಎತ್ತರದಲ್ಲಿ, ಅದೂ ವರ್ಷದಲ್ಲಿ ಸ್ವಲ್ಪ ದಿನ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಎಲೆ, ತೊಗಟೆ, ಹಾಲಿನಿಂದಲೇ ಪಶ್ಚಿಮ ಘಟ್ಟದ ಮರ ಗುರುತಿಸುವ ದಾರಿ ಮಾಡಿಕೊಟ್ಟಿದ್ದಾರೆ. ಅದು ಬಹಳ ಉಪಯೋಗವಾಯಿತು. ಅದಕ್ಕಿಂತ ಉಪಯೋಗವಾಗಿದ್ದು ನಾನು ಉಳಿದುಕೊಂಡ ಮನೆಯ ಅಜ್ಜ. ಸೊಪ್ಪಿನ ಬೆಟ್ಟದಲ್ಲಿ ಜೀವನ ಕಳೆದವರು. ತೊಗಟೆ ಮೂಸಿ ಹೆಸರು ಹೇಳುತ್ತಿದ್ದರು. ನನ್ನ ಹಾಳೆಯ ಮೇಲಿದ್ದ ಹೋಪಿಯಾ ಪೊಂಗಾ ನೋಡಿ, "ತಂಗಿ, ಇದಕ್ಕೆ ಇಷ್ಟುದ್ದ ಹೆಸರು ಎಂತಕ್ಕೆ? ಹೈಗ ಅಂತ ಬರಿ" ಅಂದರು. ನಾನು ಎರಡನ್ನೂ ಬರೆದೆ. ಹೋಪಿಯಾ ಸ್ಪೆಲ್ಲಿಂಗ್ ಮಾತ್ರ ಎರಡು ಕಡೆ ಎರಡು ಥರ ಬರೆದಿದ್ದೆ. ಕಂಪ್ಯೂಟರ್ ಅದನ್ನು ಎರಡು ಜಾತಿ ಅಂತ ಎಣಿಸಿ ನನ್ನ ಜಡ್ಡಿಯ ವೈವಿಧ್ಯ ಹೆಚ್ಚಿಸಿಕೊಟ್ಟಿತು! ಲೆಕ್ಕ ಮಾಡುವ ಮೊದಲು ಜಾತಿಗಳ ಪಟ್ಟಿ ತೆಗೆದು ಒಂದು ಸಲ ಕಣ್ಣಾಡಿಸಿ.

ಗುರುತಿಸಲು ತಂದ ಎಲೆಗಳ ಮಾದರಿಗಳನ್ನು ಪೇಪರಿನ ನಡುವೆ ಒತ್ತಿಟ್ಟು ಒಣಗಿಸುವ ಪಾಡಂತೂ ಕೇಳಲೇಬೇಡಿ. ಆಷಾಢದ ಮಳೆಗೆ ನ್ಯೂಸ್‌ಪೇಪರೇ ಒದ್ದೆ. ಮೊದಲ ಕಂತು ಪೂರ್ತಿ ಬೂಸಲು ಹಿಡಿಯಿತು. ಕೊನೆಗೆ ಆ ಮನೆಯ ಅಮ್ಮ ನನ್ನ ಪ್ರೆಸ್ ಕಟ್ಟನ್ನು ಒಲೆ ಮೇಲಿನ ಅಟ್ಟಕ್ಕೆ ಏರಿಸಿದರು. ಅಲ್ಲಿ ಚೆನ್ನಾಗಿ ಒಣಗಿದವು. ಹೊಗೆ ವಾಸನೆ ಮಾತ್ರ ವೈವಾ (ಮೌಖಿಕ ಪರೀಕ್ಷೆ) ದಿನದವರೆಗೂ ಹೋಗಲಿಲ್ಲ.

ರಾತ್ರಿ ಒಂದೆರಡು ಸಲ ಅಜ್ಜನ ಜೊತೆ ಟಾರ್ಚ್ ಹಿಡಿದು ಹಳ್ಳಕ್ಕೆ ಹೋಗಿದ್ದೂ ಉಂಟು. ಪ್ರಾಜೆಕ್ಟಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಕುಂಬಾರ ಕಪ್ಪೆ ನೋಡುವ ಆಸೆ ಅಷ್ಟೆ. 2014ರಲ್ಲಿ ಈ ಸೀಮೆಯಿಂದಲೇ ವಿಜ್ಞಾನಕ್ಕೆ ಪರಿಚಯವಾದ ಕಪ್ಪೆ ಅದು. ಗಂಡು ಕಪ್ಪೆ ಮುಂಗಾಲಿನಿಂದ ಕೆಸರು ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ನನಗೆ ಕೂಗು ಕೇಳಿಸಿತು, ಮೆತ್ತುವುದು ಕಾಣಲಿಲ್ಲ.

ಲೆಕ್ಕದ ಕಡೆ ಬಂದರೆ, ಜಾತಿಗಳ ವೈವಿಧ್ಯ ಅಳೆಯುವ ಶಾನನ್ ಸೂಚ್ಯಂಕಕ್ಕೆ ನಾನು ತುಂಬಾ ಹೆದರಿದ್ದೆ. ಅದು ಕಾಡಿನವರು ಮಾಡಿದ್ದೇ ಅಲ್ಲ. 1948ರಲ್ಲಿ ಟೆಲಿಫೋನ್ ಕಂಪನಿಯಲ್ಲಿದ್ದ ಕ್ಲಾಡ್ ಶಾನನ್ ಸಂದೇಶಗಳ ಲೆಕ್ಕಕ್ಕೆ ಮಾಡಿಕೊಂಡಿದ್ದು. ಪೆನ್ಸಿಲ್ ಹಿಡಿದು ಒಂದು ಸಲ ಕೈಯಲ್ಲೇ ಮಾಡಿದೆ. 100 ಮರ, 10 ಜಾತಿ, ತಲಾ 10. ಉತ್ತರ 2.30. ಅದೇ 100 ಮರ, ಅದೇ 10 ಜಾತಿ, ಆದರೆ ಒಂದೇ ಜಾತಿಯ 91 ಮರ, ಉಳಿದ ಒಂಬತ್ತು ಜಾತಿಗೆ ಒಂದೊಂದೇ ಮರ. ಉತ್ತರ 0.50. ಎರಡೂ ಕಾಡಿನಲ್ಲಿ "10 ಜಾತಿ ಇವೆ" ಅನ್ನಬಹುದು. ಆದರೆ ಎರಡನೆಯದು ತೋಟದ ಹತ್ತಿರ ಹತ್ತಿರ ಇದೆ. ಹೀಗೆ ಕೈಯಲ್ಲಿ ಮಾಡಿದ ಮೇಲೆ ಹೆದರಿಕೆ ಹೋಯಿತು. ಆಮೇಲೆ ‘ಆರ್’ ಅನ್ನುವ, ಅಂಕಿಅಂಶದ ಲೆಕ್ಕ ಮಾಡುವ ಕಂಪ್ಯೂಟರ್ ಭಾಷೆ ಕಲಿತೆ. ಅದು ಪುಕ್ಕಟೆ ಸಿಗುತ್ತದೆ. ಬರುವ ಎರರ್ ಮೆಸೇಜುಗಳಿಗೆ ಇಂಗ್ಲಿಷ್ ಮಾಧ್ಯಮದವರೂ ನನ್ನಷ್ಟೇ ತಲೆ ಕೆರೆದುಕೊಳ್ಳುತ್ತಿದ್ದರು. ಆ ಸಮಾಧಾನ ಸಣ್ಣದಲ್ಲ.

ಎರಡನೇ ದೊಡ್ಡ ತಪ್ಪು ಸೊನ್ನೆಯದು. ಸಸಿ ಸಿಗದ ಚೌಕಗಳನ್ನು ನಾನು ಪುಸ್ತಕದಲ್ಲಿ ಬರೆದೇ ಇರಲಿಲ್ಲ. ಏನೂ ಇಲ್ಲದ್ದನ್ನು ಏನಂತ ಬರೆಯುವುದು? ಮೊದಲ ಜಡ್ಡಿಯ 20 ಚೌಕದಲ್ಲಿ 8ರಲ್ಲಿ ಮಾತ್ರ ಸಸಿ ಇದ್ದವು, ಒಟ್ಟು 40. ನಾನು 40ನ್ನು 8ರಿಂದ ಭಾಗಿಸಿ, ಚೌಕಕ್ಕೆ 5 ಅಂತ ಬರೆದಿದ್ದೆ. ಜಡ್ಡಿ ಚೆನ್ನಾಗಿದೆ ಅಂತ ತೀರ್ಮಾನವೂ ಆಗಿತ್ತು. ಸರಿಯಾದ ಉತ್ತರ 2. ಖಾಲಿ ಚೌಕಗಳೇ ನನ್ನ ಪ್ರಶ್ನೆಗೆ ಉತ್ತರ ಹೇಳುತ್ತಿದ್ದವು, ಅವನ್ನೇ ಬಿಟ್ಟಿದ್ದೆ. ಅಂದಿನಿಂದ ಕಾಡಿಗೆ ಹೋಗುವ ಮೊದಲೇ ಹಾಳೆಯಲ್ಲಿ ಎಲ್ಲ ಚೌಕದ ನಂಬರ್ ಬರೆದಿಡುತ್ತೇನೆ. ಯಾವ ಸಾಲೂ ಖಾಲಿ ಉಳಿಯುವ ಹಾಗಿಲ್ಲ.

ಫಲಿತಾಂಶ ಕೇಳುವವರಿಗೆ: ತೋಟದ ಪಕ್ಕದ ಮೂರರಲ್ಲಿ ದೊಡ್ಡ ಮರಗಳಿದ್ದವು, ಸಸಿ ಬಹಳ ಕಡಿಮೆ. ಒಳಗಿನ ಮೂರರಲ್ಲಿ ಎರಡು ಚೆನ್ನಾಗಿದ್ದವು, ಒಂದು ತೋಟದ ಪಕ್ಕದ್ದಕ್ಕಿಂತ ಕೆಟ್ಟದಾಗಿತ್ತು. ಯಾಕೆ ಅಂತ ಪ್ರಬಂಧದಲ್ಲಿ ಹೇಳಲು ಆಗಲಿಲ್ಲ. ಅದಕ್ಕೆ ಮೂರು ಮತ್ತು ಮೂರು ಜಡ್ಡಿ ಸಾಲದು. ಹಾಗೇ ಬರೆದೆ. ವೈವಾದಲ್ಲಿ ಹೊರಗಿನಿಂದ ಬಂದ ಸರ್ ಆ ಪುಟದಲ್ಲೇ ಅರ್ಧ ಗಂಟೆ ನಿಂತರು. ಬೈಯುತ್ತಾರೆ ಅಂದುಕೊಂಡಿದ್ದೆ. ಆ ಜಡ್ಡಿಗೆ ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆ ಅಂತ ನೋಡಿದೆಯಾ ಅಂತ ಕೇಳಿದರು. ನೋಡಿರಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ನೋಡಲು ಹೋದೆ. ಅಜ್ಜನೇ ಬಂದರು, ಕೋಲು ಊರಿಕೊಂಡು. ಮೇಲಿನ ಹಳ್ಳದಿಂದ ಕಪ್ಪು ಪೈಪೊಂದು ಗುಡ್ಡ ಹತ್ತಿ ಆಚೆ ಇಳಿದಿತ್ತು. ಜಡ್ಡಿಯಲ್ಲಿ ಕಾಲು ಹೂತುಹೋಗಲಿಲ್ಲ, ಚಪ್ಪಲಿಯಲ್ಲೇ ನಡೆದೆವು. ಹಿಂದಿನ ವರ್ಷ ತಗಡಿನ ನಂಬರ್ ಕಟ್ಟಿಟ್ಟಿದ್ದ 12 ಸಸಿಗಳಲ್ಲಿ ಏಳು ಸಿಕ್ಕವು. ಉಳಿದ ಐದರ ತಗಡು ಮಾತ್ರ ಒಣ ಕೆಸರಿನ ಮೇಲೆ ಬಿದ್ದಿತ್ತು. ಅಜ್ಜ ಒಂದೊಂದೇ ಹೆಕ್ಕಿ ಕೊಟ್ಟರು, ನಾನು ನಂಬರ್ ಓದಿ ಎದುರಿಗೆ ಸೊನ್ನೆ ಬರೆದುಕೊಂಡೆ.