ಪ್ರಾರ್ಥನೆಗೆ ಮಾತೇ ಹೊರಡದ ದಿನ 13ನೇ ಕೀರ್ತನೆ

ಮನೆಯಲ್ಲಿ ಸಾವು, ಕಾಯಿಲೆ, ಸಾಲ ಅಂತ ಕುಸಿದು ಕೂತಾಗ ಸ್ವಂತ ಮಾತು ಹುಡುಕಬೇಡಿ, ಬೈಬಲ್‌ನ ಕೀರ್ತನೆಗಳ ಪುಸ್ತಕದ 13ನೇ ಕೀರ್ತನೆಯನ್ನು ಬಾಯಿಬಿಟ್ಟು ಓದಿ. ಇರುವುದು ಆರೇ ವಚನ. ಮೊದಲ ಎರಡು ವಚನಗಳಲ್ಲಿ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅಲ್ಲೇ ನಿಲ್ಲಿಸಿ, ನಿಮ್ಮ ಸಂಕಟವನ್ನು ಹೆಸರು ಹಿಡಿದು ಹೇಳಿ: ಆಸ್ಪತ್ರೆ ಬಿಲ್ಲು, ಮಗುವಿನ ಜ್ವರ, ಏನಿದೆಯೋ ಅದನ್ನೇ. ಆಮೇಲೆ 3–4ರ ಮೊರೆ, ಕೊನೆಗೆ 5–6ರ ಭರವಸೆ. ದೂರು ಮೊದಲು, ಸ್ತುತಿ ಆಮೇಲೆ ಎಂಬ ಈ ಕ್ರಮದಿಂದಲೇ ಮನಸ್ಸು ಸುಳ್ಳಾಡದೆ ದೇವರ ಮುಂದೆ ನಿಲ್ಲುತ್ತದೆ. ದೂರುವುದು ಅವಿಶ್ವಾಸವಲ್ಲ, ಯೇಸುವೇ ಶಿಲುಬೆಯ ಮೇಲೆ 22ನೇ ಕೀರ್ತನೆಯ ಮೊದಲ ಮಾತಿನಿಂದ, ‘ನನ್ನ ದೇವರೇ, ನನ್ನನ್ನು ಏಕೆ ಕೈಬಿಟ್ಟೆ’ ಎಂದು ಕೂಗಿದನು. ಹೆಚ್ಚಿನವರು ಎಡವುವುದು ನೇರವಾಗಿ ಸ್ತುತಿಗೆ ಹಾರಿ. ಆಗ ಬಾಯಿ ಒಂದು ಹೇಳುತ್ತದೆ, ಹೃದಯ ಇನ್ನೊಂದು, ಎರಡೇ ದಿನದಲ್ಲಿ ಬೈಬಲ್ ಮುಚ್ಚಿಡುತ್ತೇವೆ. ಕೊನೆಯ ಎರಡು ವಚನ ಗಂಟಲಲ್ಲೇ ಸಿಕ್ಕಿಕೊಂಡರೆ ನಿಮ್ಮ ಚರ್ಚ್ ಸಭೆಯ ಒಬ್ಬರಿಗೆ ಫೋನ್ ಮಾಡಿ, ಅವರೇ ಓದಲಿ, ನೀವು ಕೇಳಿ. ಅದೂ ಆಗದ ರಾತ್ರಿಗೆ 88ನೇ ಕೀರ್ತನೆ ಇದೆ, ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಪುಟಕ್ಕೆ ಇವತ್ತೇ ಒಂದು ದಾರ ಇಟ್ಟಿರಿ, ಅಳುವಾಗ ಹುಡುಕಲಾಗದು. ಆದರೆ ವಾರಗಟ್ಟಲೆ ನಿದ್ದೆ, ಊಟ ಬಿಟ್ಟುಹೋಗಿದ್ದರೆ ಓದು ಮಾತ್ರ ಸಾಲದು, ವೈದ್ಯರನ್ನು ಕಾಣಲೇಬೇಕು. ಸಾಯುವ ಯೋಚನೆ ಬಂದರೆ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.