ಹಕ್ಕಿ ಇರುವ ಮನೆಯಲ್ಲಿ ಸುಗಂಧ ತೈಲ ಬಳಸುವ ಮುನ್ನ

ಸುಗಂಧ ತೈಲವನ್ನು ಗಾಳಿಗೆ ಹರಡುವ ಡಿಫ್ಯೂಸರ್ ಯಂತ್ರ ಹಚ್ಚಿ ಅರ್ಧ ಗಂಟೆಯಾಗಿತ್ತು. ನನ್ನ ಕಾಕಟೀಲ್ ಗಿಳಿ ಚಿನ್ನಿಯ ಸದ್ದೇ ಇಲ್ಲ. ಹತ್ತಿರ ಹೋಗಿ ನೋಡಿದರೆ ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು, ಕೊಕ್ಕು ತುಸು ತೆರೆದೇ ಇತ್ತು. ಅವಳು ಉಳಿದಳು. ಆ ಯಂತ್ರ ಮಾತ್ರ ಅವತ್ತೇ ಮನೆಯಿಂದ ಹೊರಬಿತ್ತು.

ಹಕ್ಕಿಗಳಿಗೆ ಶ್ವಾಸಕೋಶದ ಜೊತೆ ಗಾಳಿಚೀಲಗಳೂ ಇವೆ. ಗಾಳಿ ಶ್ವಾಸಕೋಶದಲ್ಲಿ ಒಂದೇ ದಿಕ್ಕಿಗೆ ಹರಿಯುತ್ತದೆ. ಆಮ್ಲಜನಕವನ್ನು ಅಷ್ಟು ಚೆನ್ನಾಗಿ ಹೀರುವ ದೇಹ ವಿಷವನ್ನೂ ಅಷ್ಟೇ ಬೇಗ ಹೀರುತ್ತದೆ. ಕಂಪನದಿಂದ ಮಂಜು ಹೊಮ್ಮಿಸುವ ಅಲ್ಟ್ರಾಸಾನಿಕ್ ಡಿಫ್ಯೂಸರ್ ಎಣ್ಣೆಯ ಸೂಕ್ಷ್ಮ ಹನಿಗಳನ್ನೇ ಗಾಳಿಗೆ ಬಿಡುತ್ತದೆ. ಅವು ಗರಿಯ ಮೇಲೆ ಕೂರುತ್ತವೆ, ಹಕ್ಕಿ ಗರಿ ತೀಡುವಾಗ ಹೊಟ್ಟೆಗೂ ಸೇರುತ್ತವೆ. ‘ನೈಸರ್ಗಿಕ’ ಎಂಬ ಲೇಬಲ್ ನೋಡಿ ದಯವಿಟ್ಟು ಮೋಸಹೋಗಬೇಡಿ. ಟೀ ಟ್ರೀ ಎಣ್ಣೆಯನ್ನಂತೂ ಹತ್ತಿರ ತರಲೇಬೇಡಿ.

ನನ್ನ ಮಟ್ಟಿಗೆ ನಿಯಮ ಒಂದೇ: ಹಕ್ಕಿ ಇರುವ ಮನೆಯಲ್ಲಿ ಡಿಫ್ಯೂಸರ್ ಬೇಡ. ಬಾಗಿಲು ಮುಚ್ಚಿದ ಬೇರೆ ಕೋಣೆಯೂ ಸಾಲದು, ಸಂದಿಯಲ್ಲಿ ಗಾಳಿ ನುಸುಳುತ್ತದೆ. ಮೈಗೆ ಎಣ್ಣೆ ಹಚ್ಚಿಕೊಂಡಿದ್ದರೆ ಸೋಪಿನಿಂದ ಕೈ ತೊಳೆದು, ಅಂಗಿ ಬದಲಿಸಿ ಆಮೇಲೆ ಹಕ್ಕಿಯನ್ನು ಮುಟ್ಟಿ. ಪಂಜರ ಒರೆಸಲು ಬಿಸಿನೀರು, ವಾಸನೆಯಿಲ್ಲದ ಸೋಪು ಸಾಕು. ಚೆನ್ನಾಗಿ ಜಾಲಾಡಿಸಿ ಒಣಗಿಸಿ.

ಬಾಲ ಆಡುವುದು, ಬಾಯಿ ತೆರೆದು ಉಸಿರಾಡುವುದು, ಗರಿ ಉಬ್ಬಿಸಿಕೊಂಡು ಮಂಕಾಗುವುದು ಕಂಡರೆ ತಡಮಾಡಬೇಡಿ. ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಹೊರಗೆ ಕಾಣುವಷ್ಟರಲ್ಲಿ ಪರಿಸ್ಥಿತಿ ಬಿಗಡಾಯಿಸಿರುತ್ತದೆ. ಕೂಡಲೇ ಶುದ್ಧ ಗಾಳಿಗೆ ಒಯ್ದು, ಬೆಚ್ಚಗಿಟ್ಟು, ಹಕ್ಕಿಗಳನ್ನು ಬಲ್ಲ ಪಶುವೈದ್ಯರಿಗೆ ಫೋನ್ ಮಾಡಿ. ಎಣ್ಣೆಯ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.