ವಿದೇಶದ ಭಾಷಾ ಶಾಲೆಯಲ್ಲಿ ಇಂಗ್ಲಿಷ್ ಪಾಠ: ಸಂಬಳ ಕೇಳುವ ಮುನ್ನ ಏನೇನು ನೋಡಬೇಕು?

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಎಂ.ಎ. ಅಥವಾ ಬಿ.ಎಡ್. ಮುಗಿಸಿದವರಲ್ಲಿ ಹಲವರು, ಖಾಸಗಿ ಶಾಲೆಗಳ ಕಡಿಮೆ ವೇತನ ಮತ್ತು ಅತಿಥಿ ಉಪನ್ಯಾಸಕರ ಹುದ್ದೆಯ ಅನಿಶ್ಚಿತತೆಯಿಂದ ಬೇಸತ್ತು, ವಿದೇಶದ ಭಾಷಾ ಶಾಲೆಗಳ ಜಾಹೀರಾತುಗಳತ್ತ ನೋಡುತ್ತಿದ್ದಾರೆ. ವಿಯೆಟ್ನಾಂ, ಥಾಯ್ಲೆಂಡ್, ಜಪಾನ್, ಕೊಲ್ಲಿ ರಾಷ್ಟ್ರಗಳು ಮುಂತಾದೆಡೆ ಸಂಜೆ ಮತ್ತು ವಾರಾಂತ್ಯದಲ್ಲಿ ಮಕ್ಕಳಿಗೂ ಕಚೇರಿ ನೌಕರರಿಗೂ ಇಂಗ್ಲಿಷ್ ಕಲಿಸುವ ಖಾಸಗಿ ಸಂಸ್ಥೆಗಳು ಸಾಕಷ್ಟಿವೆ. ಅವುಗಳಲ್ಲಿ ಅನುಭವವಿಲ್ಲದವರಿಗೂ ಕೆಲಸ ಸಿಗುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ನಮ್ಮಲ್ಲಿ ಇಂಥ ಕೆಲಸವನ್ನು ತೂಗಿ ನೋಡುವವರು ಸಾಮಾನ್ಯವಾಗಿ ಮೊದಲು ಸಂಬಳವನ್ನೂ ಕೊನೆಗೆ ವೀಸಾವನ್ನೂ ವಿಚಾರಿಸುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ: ಮೊದಲು ವೀಸಾ, ಅನಂತರ ಅರ್ಹತೆ, ಆಮೇಲೆ ಕೆಲಸದ ಗಂಟೆಗಳು ಮತ್ತು ಒಪ್ಪಂದ, ಇಷ್ಟೂ ಸರಿಯಿದ್ದರೆ ಮಾತ್ರ ಸಂಬಳ.

ನಿಮ್ಮ ಪಾಸ್‌ಪೋರ್ಟಿಗೆ ಆ ಕೆಲಸ ತೆರೆದಿದೆಯೇ?

ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬಂದರೂ ಕೆಲವು ದೇಶಗಳ ಕಾನೂನು ಭಾರತೀಯರನ್ನು ಈ ಹುದ್ದೆಯಿಂದ ಹೊರಗಿಟ್ಟಿದೆ. ದಕ್ಷಿಣ ಕೊರಿಯಾ ಇದಕ್ಕೆ ಸ್ಪಷ್ಟ ಉದಾಹರಣೆ. ಅಲ್ಲಿನ ಖಾಸಗಿ ಟ್ಯೂಷನ್ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಬೇಕಾದ ಇ–2 ವೀಸಾ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಎಂಬ 7 ದೇಶಗಳ ಪ್ರಜೆಗಳಿಗೆ ಮೀಸಲು. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯಾ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದವು, ಪದವಿಯ ಜೊತೆಗೆ ಇಂಗ್ಲಿಷ್ ಶಿಕ್ಷಕರ ಅರ್ಹತೆಯನ್ನೂ ಹೊಂದಿರುವ ಭಾರತೀಯರಿಗೆ ಅಲ್ಲಿನ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ ಸಹಾಯಕ ಬೋಧಕರಾಗುವ ದಾರಿಯನ್ನು ತೆರೆದಿದೆ. ಬಿ.ಎಡ್. ಮಾಡಿದವರು ಇದನ್ನು ಗಮನಿಸಬೇಕು. ಆದರೆ ಈ ದಾರಿ ಖಾಸಗಿ ಭಾಷಾ ಶಾಲೆಗೆ ಹೋಗುವುದಿಲ್ಲ. ಆದ್ದರಿಂದ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಸೋಲ್ ನಗರದ ಟ್ಯೂಷನ್ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕರ ಕೆಲಸ ಕೊಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬಹುದು.

ಜಪಾನಿನಲ್ಲಿ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬ ಅಡ್ಡಿಯಿಲ್ಲ, ಆದರೆ ಓದಿನ ಮಾಧ್ಯಮದ ಪ್ರಶ್ನೆಯಿದೆ. ಅಲ್ಲಿನ ಸಾಮಾನ್ಯ ಶಾಲೆಗಳಲ್ಲಿ ಭಾಷೆ ಕಲಿಸುವವರಿಗೆ ಸಿಗುವ ಬೋಧಕ ವೀಸಾಕ್ಕೆ, ಕಲಿಸುವ ಭಾಷೆಯ ಮಾಧ್ಯಮದಲ್ಲೇ ಕನಿಷ್ಠ 12 ವರ್ಷ ಓದಿರಬೇಕೆಂಬ ನಿಯಮವಿದೆ. ನಾಗಮಂಗಲದ ಅಥವಾ ಕೆ.ಆರ್. ಪೇಟೆಯ ಹಳ್ಳಿಯಲ್ಲಿ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಿಂದ ಎಂ.ಎ.ವರೆಗೆ ಇಂಗ್ಲಿಷಿನಲ್ಲಿ ಓದಿದವರಿಗೆ ಆ ಲೆಕ್ಕ 7 ವರ್ಷಕ್ಕೇ ನಿಲ್ಲುತ್ತದೆ. ಅವರ ಇಂಗ್ಲಿಷ್ ಮಾಧ್ಯಮ ಶಾಲೆಯ ವಿದ್ಯಾರ್ಥಿಗಿಂತ ಉತ್ತಮವಾಗಿರಬಹುದು. ನಿಯಮಕ್ಕೆ ಅದು ಕಾಣುವುದಿಲ್ಲ. ಸಂಭಾಷಣಾ ಇಂಗ್ಲಿಷ್ ಕಲಿಸುವ ಖಾಸಗಿ ಸಂಸ್ಥೆಗಳು ಬೇರೊಂದು ವರ್ಗದ ವೀಸಾದಲ್ಲಿ ಪದವೀಧರರನ್ನು ಕರೆಸಿಕೊಳ್ಳುವುದರಿಂದ, ಆಹ್ವಾನ ಬಂದ ಕೂಡಲೇ ಯಾವ ವರ್ಗದ ವೀಸಾ ಎಂದು ಬರಹದಲ್ಲೇ ಕೇಳಿ ತಿಳಿದುಕೊಳ್ಳಬೇಕು.

ವಿಯೆಟ್ನಾಂ ಮತ್ತು ಥಾಯ್ಲೆಂಡಿನಲ್ಲಿ ಬಾಗಿಲು ಇನ್ನಷ್ಟು ಅಗಲ. ವಿಯೆಟ್ನಾಮಿನಲ್ಲಿ ಕೆಲಸದ ಪರವಾನಗಿಗೆ ಪದವಿ, ಬೋಧನಾ ಪ್ರಮಾಣಪತ್ರ, ಪೊಲೀಸ್ ಪರಿಶೀಲನಾ ಪತ್ರ ಮತ್ತು ವೈದ್ಯಕೀಯ ತಪಾಸಣೆ ಬೇಕು. ಥಾಯ್ಲೆಂಡಿನಲ್ಲಿ ಉದ್ಯೋಗಕ್ಕೆಂದೇ ಇರುವ ನಾನ್‌–ಇಮಿಗ್ರೆಂಟ್ ಬಿ ವೀಸಾ ಮತ್ತು ಕೆಲಸದ ಪರವಾನಗಿ ಎರಡೂ ಇರಲೇಬೇಕು. ಈ ದೇಶಗಳಲ್ಲಿ ತಪ್ಪು ನಡೆಯುವ ರೀತಿ ಒಂದೇ: ಸದ್ಯಕ್ಕೆ ಪ್ರವಾಸಿ ವೀಸಾದಲ್ಲಿ ಬನ್ನಿ, ಬಂದ ಮೇಲೆ ಬದಲಾಯಿಸೋಣ ಎನ್ನುತ್ತಾರೆ. ಪ್ರವಾಸಿ ವೀಸಾದಲ್ಲಿ ಪಾಠ ಮಾಡಿದರೆ ಕಾನೂನಿನ ಕಣ್ಣಿಗೆ ತಪ್ಪಿತಸ್ಥರು ಶಿಕ್ಷಕರೇ ಆಗುತ್ತಾರೆ, ಸಂಬಳ ಬಾರದಿದ್ದರೆ ದೂರು ಕೊಡಲೂ ಧೈರ್ಯ ಬರುವುದಿಲ್ಲ. 2022ರಲ್ಲಿ ಥಾಯ್ಲೆಂಡಿನ ಉದ್ಯೋಗದ ಆಸೆ ತೋರಿಸಿ ಭಾರತೀಯ ಯುವಕರನ್ನು ಮ್ಯಾನ್ಮಾರಿನ ವಂಚನಾ ಕೇಂದ್ರಗಳಿಗೆ ಸಾಗಿಸಿದ ಪ್ರಕರಣಗಳು ಬೆಳಕಿಗೆ ಬಂದಾಗ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ನೀಡಬೇಕಾಯಿತು. ಅವು ಬೋಧನೆಯ ಹುದ್ದೆಗಳಾಗಿರಲಿಲ್ಲ, ಆದರೂ ಉದ್ಯೋಗ ವೀಸಾ ಇಲ್ಲದೆ ವಿಮಾನ ಹತ್ತುವುದರ ಅಪಾಯ ಯಾರಿಗೂ ಬೇರೆಯಲ್ಲ.

ಪ್ರಮಾಣಪತ್ರಕ್ಕೆ ಹಣ ಕಟ್ಟುವ ಮುನ್ನ

ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಅದನ್ನು ಕಲಿಸುವ ತರಬೇತಿಗೆ ಕೊಡುವ ಟೆಫೆಲ್, ಟೆಸಾಲ್ ಎಂಬ ಹೆಸರಿನ ಪ್ರಮಾಣಪತ್ರಗಳನ್ನು ಯಾರು ಬೇಕಾದರೂ ಕೊಡಬಹುದು; ಅವುಗಳ ಮೇಲೆ ಜಾಗತಿಕ ನಿಯಂತ್ರಣ ಸಂಸ್ಥೆ ಎಂಬುದಿಲ್ಲ. ಹಾಗಾಗಿ ಕೆಲವು ಸಾವಿರ ರೂಪಾಯಿಗೆ ಅಂತರ್ಜಾಲದಲ್ಲಿ ಸಿಗುವ 120 ಗಂಟೆಯ ಕೋರ್ಸಿಗೂ ಕೇಂಬ್ರಿಜ್‌ನ ಸೆಲ್ಟಾ ಎಂಬ ಬೋಧನಾ ಪ್ರಮಾಣಪತ್ರಕ್ಕೂ ಇರುವ ವ್ಯತ್ಯಾಸವನ್ನು ಹೆಸರಿನಿಂದ ಅಳೆಯಬಾರದು. ಸೆಲ್ಟಾದಲ್ಲಿ ನಿಜವಾದ ಕಲಿಕಾರ್ಥಿಗಳ ಎದುರು 6 ಗಂಟೆ ಪಾಠ ಮಾಡಬೇಕು, ಅದನ್ನು ತರಬೇತುದಾರರು ಕೂತು ನೋಡುತ್ತಾರೆ. ಶುಲ್ಕ ಹೆಚ್ಚು, ಆದರೆ ಆ ಹಣಕ್ಕೆ ಬದಲಾಗಿ ಸಿಗುವುದು ಆ 6 ಗಂಟೆಗಳೇ. ವೀಸಾ ನಿಯಮಕ್ಕಷ್ಟೇ ಕಾಗದ ಬೇಕಿದ್ದರೆ ಅಗ್ಗದ ಕೋರ್ಸು ಸಾಲಬಹುದು. ಯಾವುದು ಸಾಲುತ್ತದೆಂದು ಸೇರಲಿರುವ ಶಾಲೆಯನ್ನೇ ಕೇಳಿ, ಉತ್ತರ ಬಂದ ಮೇಲೆ ಹಣ ಕಟ್ಟುವುದು ಕ್ಷೇಮ.

ಕೆಲಸ ಖಾತ್ರಿ ಎಂಬ ಭರವಸೆಯೊಂದಿಗೆ ಪ್ರಮಾಣಪತ್ರ ಮಾರುವ ತರಬೇತಿ ಕೇಂದ್ರಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಯಾವ ದೇಶ, ಯಾವ ಶಾಲೆ, ಯಾವ ವೀಸಾ ಎಂಬ ಮೂರಕ್ಕೂ ಲಿಖಿತ ಉತ್ತರ ಸಿಗದಿದ್ದರೆ ಆ ಖಾತ್ರಿಗೆ ಅರ್ಥವಿಲ್ಲ.

ಅನುಭವವನ್ನು ಇಲ್ಲೇ ಗಳಿಸಿಕೊಳ್ಳಲು ಮೈಸೂರಿನಷ್ಟು ಅನುಕೂಲದ ಊರು ಕಡಿಮೆ. ಮಾನಸಗಂಗೋತ್ರಿಯಲ್ಲಿ ಹಲವು ದೇಶಗಳ ವಿದ್ಯಾರ್ಥಿಗಳು ಓದುತ್ತಾರೆ. ಅವರಲ್ಲಿ ಇಂಗ್ಲಿಷ್ ಸುಧಾರಿಸಿಕೊಳ್ಳಲು ಬಯಸುವವರು ಇದ್ದೇ ಇರುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ದೊಡ್ಡ ಟಿಬೆಟನ್ ವಸತಿಯಿದೆ. ಕನ್ನಡ ಬಾರದ ಕಲಿಕಾರ್ಥಿಗೆ ಇಂಗ್ಲಿಷನ್ನು ಇಂಗ್ಲಿಷಿನ ಮೂಲಕವೇ ಕಲಿಸುವುದು, ನಮ್ಮ ಮಕ್ಕಳಿಗೆ ನಡುನಡುವೆ ಕನ್ನಡದಲ್ಲಿ ವಿವರಿಸುತ್ತಾ ಕಲಿಸುವುದಕ್ಕಿಂತ ತೀರ ಬೇರೆಯ ಕೆಲಸ. ಕೆಲವು ತಿಂಗಳು ಅಂಥ ಇಬ್ಬರು ಮೂವರಿಗೆ ಉಚಿತವಾಗಿಯಾದರೂ ಪಾಠ ಹೇಳಿದವರಿಗೆ, ಈ ವೃತ್ತಿ ತಮಗೆ ಒಗ್ಗುತ್ತದೆಯೇ ಎಂಬುದು ಲಕ್ಷಾಂತರ ರೂಪಾಯಿ ಸಾಲ ಮಾಡುವ ಮೊದಲೇ ತಿಳಿಯುತ್ತದೆ.

ಗಂಟೆಗಳ ಲೆಕ್ಕ

ಭಾಷಾ ಶಾಲೆಗಳ ಜಾಹೀರಾತಿನಲ್ಲಿ ವಾರಕ್ಕೆ 25 ಗಂಟೆ ಎಂದಿದ್ದರೆ ಅದು ತರಗತಿಯೊಳಗೆ ನಿಂತು ಪಾಠ ಮಾಡುವ ಸಮಯ ಮಾತ್ರ. ಪಾಠದ ತಯಾರಿ, ಉತ್ತರಪತ್ರಿಕೆ ತಿದ್ದುವುದು, ಪೋಷಕರ ಸಭೆ, ಹೊಸ ವಿದ್ಯಾರ್ಥಿಗಳನ್ನು ಸೆಳೆಯಲು ನಡೆಸುವ ಮಾದರಿ ತರಗತಿ, ಇವೆಲ್ಲ ಅದರ ಹೊರಗೆ ಉಳಿಯುತ್ತವೆ. ಇನ್ನೊಂದು ಮುಖ್ಯ ಸಂಗತಿ ಎಂದರೆ ಪಾಳಿಯ ಸ್ವರೂಪ. ನೌಕರರು ಕಚೇರಿಗೆ ಹೋಗುವ ಮುನ್ನ ಬೆಳಿಗ್ಗೆ ಒಂದು ತರಗತಿ, ಮಕ್ಕಳು ಶಾಲೆಯಿಂದ ಬಂದ ಮೇಲೆ ಸಂಜೆಯಿಂದ ರಾತ್ರಿಯವರೆಗೆ ಉಳಿದವು, ಶನಿವಾರ ಭಾನುವಾರ ಪೂರ್ತಿ ದಿನ ಎಂಬ ವೇಳಾಪಟ್ಟಿ ಈ ಉದ್ಯಮದಲ್ಲಿ ಸಾಮಾನ್ಯ. ಮಧ್ಯಾಹ್ನದ ಬಿಡುವಿಗೆ ಸಂಬಳವಿಲ್ಲ, ಆ ಹೊತ್ತಿನಲ್ಲಿ ಬೇರೆ ಏನನ್ನೂ ಮಾಡಲಾಗದು.

ಊಹೆಯ ಅಂಕಿಗಳಿಂದ ಒಂದು ಲೆಕ್ಕ ಮಾಡಿ ನೋಡೋಣ. ನಮ್ಮ ರೂಪಾಯಿಯಲ್ಲಿ ತಿಂಗಳ ಸಂಬಳ 80,000 ಎಂದಿರಲಿ. ವಾರಕ್ಕೆ 25 ಗಂಟೆಯಾದರೆ ತಿಂಗಳಿಗೆ ಸುಮಾರು 108 ಗಂಟೆ, ಗಂಟೆಗೆ 740 ರೂಪಾಯಿ ಬಿದ್ದಂತೆ ಕಾಣುತ್ತದೆ. ತಯಾರಿ, ಓಡಾಟ, ನಡುವಿನ ಬಿಡುವು ಎಲ್ಲ ಸೇರಿ ವಾರಕ್ಕೆ 45 ಗಂಟೆ ಆಗುವುದಾದರೆ ಅದೇ ಸಂಬಳ ಗಂಟೆಗೆ 410ಕ್ಕೆ ಇಳಿಯುತ್ತದೆ. ಮನೆ ಬಾಡಿಗೆ 25,000, ಊಟ 14,000, ಓಡಾಟ ಮತ್ತು ಫೋನ್ 5,000, ತೆರಿಗೆ ಮತ್ತು ವಿಮೆ 6,000 ಕಳೆದರೆ ಕೈಯಲ್ಲಿ ಉಳಿಯುವುದು 30,000. ಹೊರಡುವ ಮುನ್ನ ಕೋರ್ಸು, ದಾಖಲೆ ದೃಢೀಕರಣ, ವಿಮಾನದ ಟಿಕೆಟ್, ಮನೆಯ ಮುಂಗಡ ಎಂದು 2,10,000 ಖರ್ಚಾಗಿದ್ದರೆ ಮೊದಲ 7 ತಿಂಗಳ ಉಳಿತಾಯ ಅದನ್ನು ತೀರಿಸುವುದಕ್ಕೇ ಹೋಗುತ್ತದೆ. ಒಂದು ವರ್ಷದ ಒಪ್ಪಂದದಲ್ಲಿ ಮನೆಗೆ ತರಬಹುದಾದದ್ದು 5 ತಿಂಗಳ ಉಳಿತಾಯ, ಅಂದರೆ ಒಂದೂವರೆ ಲಕ್ಷ. ಈ ಅಂಕಿಗಳ ಜಾಗದಲ್ಲಿ ನಿಮಗೆ ಬಂದ ಆಹ್ವಾನದ ಅಂಕಿಗಳನ್ನು ಇಟ್ಟು ಲೆಕ್ಕ ಮಾಡಿ, ಇದೇ ಅವಧಿಯಲ್ಲಿ ಮೈಸೂರಿನಲ್ಲಿ ಮನೆಯಲ್ಲೇ ಇದ್ದು ದುಡಿದರೆ ಉಳಿಯುವುದೆಷ್ಟು ಎಂಬುದನ್ನು ಪಕ್ಕದಲ್ಲಿ ಬರೆದುಕೊಳ್ಳಬೇಕು. ಹಣದಲ್ಲಿ ವ್ಯತ್ಯಾಸ ಕಡಿಮೆಯಿದ್ದರೂ ಒಳ್ಳೆಯ ತರಬೇತಿ ಕೊಡುವ ಶಾಲೆಯಾದರೆ ಹೋಗುವುದು ಸಾರ್ಥಕವೆಂದೇ ನಾನು ಭಾವಿಸುತ್ತೇನೆ. ಹಿರಿಯ ಶಿಕ್ಷಕರು ಹೊಸಬರ ತರಗತಿಯನ್ನು ನೋಡಿ ಸಲಹೆ ನೀಡುವ ಪದ್ಧತಿ ಇದೆಯೇ, ಒಂದು ತರಗತಿಯಲ್ಲಿ ಎಷ್ಟು ಮಂದಿ, ಮಟ್ಟಕ್ಕೆ ತಕ್ಕಂತೆ ವಿಂಗಡಿಸುತ್ತಾರೆಯೇ ಎಂಬ ಪ್ರಶ್ನೆಗಳು ಹಾಗಾಗಿ ಸಂಬಳದಷ್ಟೇ ಮುಖ್ಯ.

ಸಂದರ್ಶನದ ಕೊನೆಯಲ್ಲಿ, ಅಲ್ಲಿ ಈಗ ಕೆಲಸ ಮಾಡುತ್ತಿರುವ ಒಬ್ಬ ಶಿಕ್ಷಕರೊಡನೆ ಮಾತಾಡಲು ಅವಕಾಶ ಕೋರಬೇಕು. ಸಾಧ್ಯವಾದರೆ ಅವರು ಭಾರತೀಯರೋ ಫಿಲಿಪ್ಪೀನ್ಸಿನವರೋ ಆಗಿರಲಿ, ಏಕೆಂದರೆ ಒಂದೇ ಶಾಲೆಯಲ್ಲಿ ಬ್ರಿಟಿಷ್ ಶಿಕ್ಷಕರಿಗೊಂದು, ಏಷ್ಯಾದವರಿಗೊಂದು ವೇತನ ಶ್ರೇಣಿ ಇರುವುದುಂಟು. ಈ ತಾರತಮ್ಯ ನೋವಿನ ಸಂಗತಿ. ಹೋಗುವ ಮೊದಲೇ ಅದನ್ನು ತಿಳಿದಿರುವುದು ಒಳಿತು.

ಒಪ್ಪಂದ ಪತ್ರದ ಸಾಲುಗಳು

ಶಾಲೆಯೇ ಮನೆ ಕೊಡುತ್ತದೆ ಎಂಬುದು ಆಕರ್ಷಕವಾಗಿ ಕಾಣುತ್ತದೆ. ಜಪಾನಿನ ಅತಿದೊಡ್ಡ ಇಂಗ್ಲಿಷ್ ಸಂಭಾಷಣಾ ಶಾಲಾ ಸರಣಿಯಾಗಿದ್ದ ನೋವಾ 2007ರ ಅಕ್ಟೋಬರಿನಲ್ಲಿ ಕುಸಿದಾಗ ಸಾವಿರಾರು ವಿದೇಶಿ ಶಿಕ್ಷಕರು ಬಾಕಿ ಸಂಬಳವಿಲ್ಲದೆ ಉಳಿದರು. ಕಂಪನಿಯ ಮನೆಗಳಲ್ಲಿದ್ದವರಿಗೆ ಸೂರು ತಪ್ಪುವ ಭಯವೂ ಜೊತೆಗೂಡಿತು. ಚೀನಾ ಸರ್ಕಾರ 2021ರ ಜುಲೈನಲ್ಲಿ ಶಾಲಾ ಪಠ್ಯವಿಷಯಗಳ ಲಾಭದಾಯಕ ಟ್ಯೂಷನ್ನಿಗೆ ಕಡಿವಾಣ ಹಾಕಿದಾಗಲೂ ಅಲ್ಲಿನ ಬಹಳಷ್ಟು ಕೇಂದ್ರಗಳು ಮುಚ್ಚಿದವು. ಕೆಲಸ, ಮನೆ, ವೀಸಾ ಮೂರೂ ಒಬ್ಬ ಮಾಲೀಕನ ಕೈಯಲ್ಲಿದ್ದರೆ ಶಾಲೆ ಮುಚ್ಚಿದ ದಿನ ಮೂರೂ ಒಟ್ಟಿಗೆ ಹೋಗುತ್ತವೆ. ಹಾಗಾಗಿ ಮರಳಿ ಬರುವ ಟಿಕೆಟ್ಟಿನ ಹಣವೂ ಎರಡು ತಿಂಗಳ ಖರ್ಚೂ ನಿಮ್ಮದೇ ಖಾತೆಯಲ್ಲಿ ಇರಬೇಕು, ಮತ್ತು ಉದ್ಯೋಗದಾತರನ್ನು ಬದಲಿಸಲು ಆ ದೇಶದ ವೀಸಾ ಅವಕಾಶ ಕೊಡುತ್ತದೆಯೇ ಎಂಬುದು ಗೊತ್ತಿರಬೇಕು.

ಅವಧಿಗೆ ಮುನ್ನ ಬಿಟ್ಟರೆ ದಂಡವೆಷ್ಟು, ವಿದ್ಯಾರ್ಥಿಗಳು ಬಾರದೆ ತರಗತಿ ರದ್ದಾದರೆ ಸಂಬಳ ಸಿಗುತ್ತದೆಯೇ, ಕಾಯಿಲೆಯ ರಜೆಗೆ ವೇತನವಿದೆಯೇ ಎಂಬುದನ್ನೂ ಓದಿ ನೋಡಬೇಕು. ಕೊಲ್ಲಿಗೆ ಹೋಗುವವರು ಮೂಲ ವೇತನ ಎಂಬ ಸಾಲನ್ನು ಪ್ರತ್ಯೇಕವಾಗಿ ಗಮನಿಸಬೇಕು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಒಂದು ವರ್ಷ ಪೂರೈಸಿದವರಿಗೆ, ಮೊದಲ 5 ವರ್ಷಗಳವರೆಗೆ ವರ್ಷಕ್ಕೆ 21 ದಿನಗಳ ಮೂಲ ವೇತನದಂತೆ ಸೇವಾಂತ್ಯದ ಗ್ರಾಚ್ಯುಯಿಟಿ ಬರುತ್ತದೆ. ತಿಂಗಳಿಗೆ 4,000 ದಿರ್ಹಮ್ ಸಂಬಳದಲ್ಲಿ ಮೂಲ ವೇತನ 1,600 ಎಂದು ತೋರಿಸಿ ಉಳಿದದ್ದನ್ನು ಭತ್ಯೆಯೆಂದು ಬರೆದಿದ್ದರೆ ವರ್ಷದ ಗ್ರಾಚ್ಯುಯಿಟಿ 2,800ರ ಬದಲು 1,120 ದಿರ್ಹಮಿಗೆ ಇಳಿಯುತ್ತದೆ. ಅಲ್ಲಿನ 2021ರ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿ ವೆಚ್ಚವನ್ನು ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ, ಅವರ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವಂತೆಯೂ ಇಲ್ಲ.

ಏಜೆಂಟರು ಮತ್ತು ದಾಖಲೆಗಳು

ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿಯ ಅಗತ್ಯವಿಲ್ಲ. ಇದು ಸೌಲಭ್ಯವೇ ಆದರೂ, ಪದವೀಧರರ ಉದ್ಯೋಗ ಒಪ್ಪಂದವನ್ನು ಹೊರಡುವ ಮುನ್ನ ಸರ್ಕಾರದ ಅಧಿಕಾರಿಯೊಬ್ಬರು ಪರಿಶೀಲಿಸುವುದಿಲ್ಲ ಎಂದೂ ಇದರ ಅರ್ಥ. ಪರಿಶೀಲನೆ ನಿಮ್ಮದೇ ಹೊಣೆ. 1983ರ ವಲಸೆ ಕಾಯ್ದೆಯಡಿ ವಿದೇಶಿ ಉದ್ಯೋಗಕ್ಕೆ ಜನರನ್ನು ಕಳಿಸುವ ಏಜೆಂಟರು ನೋಂದಣಿ ಹೊಂದಿರಲೇಬೇಕು. ಅವರ ಹೆಸರು ವಿದೇಶಾಂಗ ಸಚಿವಾಲಯದ ಇ–ಮೈಗ್ರೇಟ್ ಜಾಲತಾಣದಲ್ಲಿದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಅದಕ್ಕಿಂತ ಹೆಚ್ಚು ಕೇಳಿದರೆ, ರಸೀದಿ ಇಲ್ಲದೆ ನಗದು ಕೇಳಿದರೆ, ಜಮೀನು ಅಡವಿಟ್ಟಾದರೂ ಬೇಗ ಹಣ ತನ್ನಿ ಎಂದು ಮನೆಯವರನ್ನು ಅವಸರಪಡಿಸಿದರೆ ಹಿಂದೆ ಸರಿಯಬೇಕು.

ಪದವಿ ಪ್ರಮಾಣಪತ್ರಕ್ಕೆ ಮೊದಲು ರಾಜ್ಯ ಮಟ್ಟದ ದೃಢೀಕರಣ, ಅನಂತರ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ದಾಖಲೆ ಅಸಲಿ ಎಂದು ಇತರ ದೇಶಗಳೂ ಒಪ್ಪುವ ಮುದ್ರೆ ಬೇಕಾಗುತ್ತದೆ. ಅಪೋಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದೆ. ಜಪಾನ್, ಕೊರಿಯಾಗಳೂ ಅದರಲ್ಲಿವೆ. ಸೇರದ ದೇಶಗಳಿಗೆ ಅಪೋಸ್ಟಿಲ್ ಬದಲು ಸಚಿವಾಲಯದ ಸಾಮಾನ್ಯ ದೃಢೀಕರಣವೂ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಪೊಲೀಸ್ ಪರಿಶೀಲನಾ ಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೂ 2022ರಿಂದ ಈ ಸೇವೆ ಸಿಗುತ್ತಿರುವುದರಿಂದ, 2017ರ ಜನವರಿಯಲ್ಲಿ ದೇಶದಲ್ಲೇ ಮೊದಲಿಗೆ ಅಂಥ ಕೇಂದ್ರ ತೆರೆದ ಮೈಸೂರಿನವರು ಇದಕ್ಕಾಗಿ ಬೆಂಗಳೂರಿಗೆ ಓಡಾಡಬೇಕಿಲ್ಲ. ಕೈಯಲ್ಲಿರುವ ಕೆಲಸಕ್ಕೆ ರಾಜೀನಾಮೆ ಕೊಡುವುದು ಉದ್ಯೋಗ ವೀಸಾ ಪಾಸ್‌ಪೋರ್ಟಿನಲ್ಲಿ ಬಂದ ಮೇಲೆಯೇ ಆಗಲಿ. ಒಪ್ಪಂದದ ಸಹಿ ಮಾಡಿದ ಪ್ರತಿ, ವೀಸಾದ ಪ್ರತಿ, ಶಾಲೆಯ ವಿಳಾಸ ಇಷ್ಟನ್ನೂ ಮನೆಯಲ್ಲೊಬ್ಬರ ಬಳಿ ಬಿಟ್ಟು ಹೊರಡಬೇಕು: ಅಲ್ಲಿ ಸಂಬಳ ನಿಂತರೆ ಅಥವಾ ಪಾಸ್‌ಪೋರ್ಟ್ ಕಿತ್ತುಕೊಂಡರೆ, ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ಊರಿನಿಂದಲೇ ಮನೆಯವರು ದೂರು ದಾಖಲಿಸಬಹುದು, ಆಗ ಮೊದಲು ಬೇಕಾಗುವ ಕಾಗದಗಳು ಇವೇ.